ಎಡಗಡೆಯ ಡಬ್ಬ

ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಸೇಲ್ ಹೊತ್ತಿಗೆ ನಾನು ಗೋದಾಮೊಂದರಲ್ಲಿ ಮೂರು ವಾರ ಕೆಲಸ ಮಾಡಿದೆ. ಸೇಲ್‌ಗೆ ಅಂತಲೇ ಜನ ತೆಗೆದುಕೊಂಡಿದ್ದರು, ಮುಗಿದ ಮೇಲೆ ಮನೆಗೆ.

ಮೊದಲ ಎರಡು ವಾರ ಪ್ಯಾಕಿಂಗ್. ಗಂಟೆಗೆ ಎಷ್ಟು ಪೆಟ್ಟಿಗೆ ಮುಗಿಸಿದೆ ಅಂತ ಕೈಯಲ್ಲಿದ್ದ ಸ್ಕ್ಯಾನರ್ ಲೆಕ್ಕ ಇಡುತ್ತಿತ್ತು. ನೀರು ಕುಡಿಯಲು ಹೋದರೂ ಲೆಕ್ಕ ಇಳಿಯುತ್ತಿತ್ತು. ಹಾಗಾಗಿ ಬಾಯಾರಿದರೂ ಸುಮ್ನೆ ಇರುತ್ತಿದ್ದೆ. ಸರಿಯಾದ ಅಳತೆಯ ಪೆಟ್ಟಿಗೆ ಹುಡುಕಲೂ ಪುರಸೊತ್ತಿಲ್ಲ. ಒಂದು ಜೊತೆ ಕಿವಿಯೋಲೆಯನ್ನು ಚಪ್ಪಲಿ ಹಿಡಿಸುವ ಪೆಟ್ಟಿಗೆಗೆ ಹಾಕಿ, ಉಳಿದ ಜಾಗಕ್ಕೆ ಪ್ಲಾಸ್ಟಿಕ್ ಗಾಳಿಚೀಲ ತುರುಕಿ ಕಳಿಸಿದ್ದೇನೆ. ಆ ಖಾಲಿ ಜಾಗವೂ ಲಾರಿ ಹತ್ತುತ್ತದೆ, ಡೀಸೆಲ್ ಸುಡುತ್ತದೆ.

ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಮೂರನೇ ವಾರದ ಒಂದು ದಿನ. ಅಂದು ನನ್ನನ್ನು ವಾಪಸ್ ಬಂದ ಸಾಮಾನಿನ ಕಡೆಗೆ ಹಾಕಿದರು. ರಾಶಿ ನನ್ನ ತಲೆಗಿಂತ ಎತ್ತರವಿತ್ತು. ಒಂದೇ ಬಟ್ಟೆಯನ್ನು ಮೂರು ಅಳತೆಯಲ್ಲಿ ತರಿಸಿ, ಎರಡನ್ನು ಹಿಂದಕ್ಕೆ ಕಳಿಸಿದವರೇ ಜಾಸ್ತಿ. ನಾನು ತೆರೆದ ಪೊಟ್ಟಣದಲ್ಲಿ ನೀಲಿ ಟೀ ಶರ್ಟ್. ಹೊಸ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ಕತ್ತಿನ ಹತ್ತಿರ ಉಗುರಿನಷ್ಟು ಪೌಡರ್ ಕಲೆ.

"ಒಗೆದರೆ ಹೋಗುತ್ತೆ ಅಲ್ವಾ?" ಎಂದೆ.

ಪಕ್ಕದಲ್ಲಿದ್ದವರು ಹೌದು ಎಂದರು. ಆದರೆ ಒಗೆದು, ಇಸ್ತ್ರಿ ಮಾಡಿ, ಮತ್ತೆ ಚೀಲಕ್ಕೆ ಹಾಕುವ ಕೂಲಿ ಬಟ್ಟೆಯ ಬೆಲೆಗಿಂತ ಜಾಸ್ತಿಯಂತೆ. "ಎಡಗಡೆಯ ಡಬ್ಬಕ್ಕೆ ಹಾಕಿ." ಎಡಗಡೆ ಅಂದರೆ ಕಸ.

ಹತ್ತಿಯ ಒಂದು ಟೀ ಶರ್ಟ್‌ಗೆ ಸುಮಾರು 2,700 ಲೀಟರ್ ನೀರು ಬೇಕು. ಒಬ್ಬ ಮನುಷ್ಯ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕುಡಿಯುವಷ್ಟು. ಅಂದು ಎಷ್ಟು ಬಟ್ಟೆ ಎಡಗಡೆಗೆ ಹಾಕಿದೆನೋ ಎಣಿಸಲಿಲ್ಲ. ಎಣಿಸಲು ಮನಸ್ಸೂ ಬರಲಿಲ್ಲ.

2008ರ ಬ್ಲ್ಯಾಕ್ ಫ್ರೈಡೇ, ಅಂದರೆ ಅಮೆರಿಕದ ದೊಡ್ಡ ಸೇಲ್ ದಿನ, ನ್ಯೂಯಾರ್ಕ್ ಹತ್ತಿರದ ಅಂಗಡಿಯೊಂದರ ಬಾಗಿಲು ಮುರಿದು ಜನ ನುಗ್ಗಿದರು. ಒಳಗಿದ್ದ ಕೆಲಸಗಾರರೊಬ್ಬರು ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರೂ ನನ್ನ ಹಾಗೆ ತಾತ್ಕಾಲಿಕ ಕೆಲಸದವರು. ಈಗ ನಾವು ಫೋನಿನಲ್ಲೇ ಕೊಳ್ಳುತ್ತೇವೆ, ನೂಕುನುಗ್ಗಲು ಕಾಣುವುದಿಲ್ಲ. ಆದರೆ ಆ ಒತ್ತಡ ಎಲ್ಲೂ ಹೋಗಿಲ್ಲ. ಗೋದಾಮಿನ ಒಳಗೆ ಸೇರಿಕೊಂಡಿದೆ, ಅಷ್ಟೇ.

ಈಗ ಬಟ್ಟೆ ಬೇಕೆನಿಸಿದರೆ ಹಳೆಯದನ್ನು ಟೇಪ್ ಹಿಡಿದು ಅಳೆದು, ಒಂದನ್ನೇ ತರಿಸುತ್ತೇನೆ. ತಡವಾಗಿ ಬಂದರೂ ಸರಿ. ಸೇಲ್ ದಿನ ಮಾತ್ರ ಏನೂ ಕೊಳ್ಳುವುದಿಲ್ಲ. ಆ ರಾತ್ರಿ ಬಾಯಾರಿಸಿಕೊಂಡು ನಿಂತವರ ಮೇಜಿಗೆ ನನ್ನದೂ ಒಂದು ಪೆಟ್ಟಿಗೆ ಸೇರುವುದು ಬೇಡ.