ಊರು ಬಿಡೋದನ್ನ ಓದೋದು

ಹ್ಯೂಮನ್ ಜಿಯಾಗ್ರಫಿ ಮಾಸ್ಟರ್ಸ್ ಅಂದ್ರೆ ಮ್ಯಾಪ್ ಬರೆಯೋದಾ ಅಂತ ಇವತ್ತೂ ಒಬ್ರು ಕೇಳಿದ್ರು, ಹೂಂ ಅಂದ್ಬಿಟ್ಟೆ, ವಿವರಿಸೋ ತಾಳ್ಮೆ ಇರ್ಲಿಲ್ಲ. ಈ ಸೆಮಿಸ್ಟರ್ ಪೂರ್ತಿ ಗ್ಲೋಬಲೈಸೇಶನ್, ವಲಸೆ, ಅಭಿವೃದ್ಧಿ, ಇದೇ. ಸೇರೋವಾಗ ನನ್ನ ತಲೇಲಿದ್ದ ಲೆಕ್ಕ ಸಿಂಪಲ್ಲು, ಬಡತನ ಇದ್ರೆ ಜನ ಊರು ಬಿಡ್ತಾರೆ, ದುಡ್ಡು ಬಂದ್ರೆ ಅಲ್ಲೇ ಇರ್ತಾರೆ. ಓದ್ತಾ ಹೋದ್ರೆ ಉಲ್ಟಾ! ತೀರಾ ಬಡ ದೇಶಗಳಲ್ಲಿ ಆದಾಯ ಸ್ವಲ್ಪ ಏರಿದ್ರೆ ಸಾಮಾನ್ಯವಾಗಿ ಹೊರಗೆ ಹೋಗೋರು ಜಾಸ್ತೀನೇ ಆಗ್ತಾರೆ, ಯಾಕಂದ್ರೆ ಹೋಗೋದಕ್ಕೂ ಕೈಯಲ್ಲಿ ಕಾಸು, ಒಂಚೂರು ಓದು, ಅಲ್ಲಿ ಗೊತ್ತಿರೋ ಒಬ್ಬ ಮನುಷ್ಯ ಬೇಕಲ್ಲ, ದೇಶ ಸುಮಾರು ಮುಂದುವರಿದ ಮೇಲಷ್ಟೇ ಅದು ಇಳಿಯೋದು. ಮೈಗ್ರೇಶನ್ ಹಂಪ್ ಅಂತಾರೆ ಇದಕ್ಕೆ. ಅಂದ್ರೆ ನೆರವು ಕೊಟ್ಟು ವಲಸೆ ನಿಲ್ಲಿಸ್ತೀವಿ ಅನ್ನೋ ಸರ್ಕಾರಗಳು... ಇರ್ಲಿ ಬಿಡಿ.

ಜಗತ್ತೆಲ್ಲಾ ಓಡಾಡ್ತಿದೆ ಅನ್ಸುತ್ತಲ್ಲ, ವಿಶ್ವಸಂಸ್ಥೆ ಅಂದಾಜಲ್ಲಿ 2020ರಲ್ಲಿ ಬೇರೆ ದೇಶದಲ್ಲಿದ್ದ ವಲಸಿಗರು ಸುಮಾರು 28 ಕೋಟಿ, ಜಗತ್ತಿನ ಜನಸಂಖ್ಯೆಯಲ್ಲಿ ಶೇ. 3.6 ಅಷ್ಟೇ. ಹೆಚ್ಚಿನವರು ಹೋಗೋದು ಹತ್ತಿರಕ್ಕೇ ಅಂತ ಭೂಗೋಳ ತಜ್ಞ ರಾವೆನ್‌ಸ್ಟೈನ್ 1885ರಲ್ಲೇ ಬ್ರಿಟನ್ನಿನ ಜನಗಣತಿ ನೋಡಿ ಹೇಳಿದ್ರು, ಆಗ ವಿಮಾನಾನೇ ಇರ್ಲಿಲ್ಲ.

ನಂಗೆ ಹಿಡಿಸಿದ್ದು ಮಾತ್ರ ಬ್ರಿಟನ್ನಿನ ಭೂಗೋಳ ತಜ್ಞೆ ಡೊರೀನ್ ಮ್ಯಾಸಿ. ಜಗತ್ತು ಚಿಕ್ಕದಾಯ್ತು ಅಂತೀರಲ್ಲ, ಯಾರಿಗೆ ಚಿಕ್ಕದಾಯ್ತು ಅನ್ನೋ ಥರದ ಪ್ರಶ್ನೆ ಅವರದು, ಒಬ್ಬರ ಓಡಾಟ ಅವರ ಕೈಲೇ ಇರುತ್ತೆ, ಇನ್ನೊಬ್ರು ಅದೇ ಓಡಾಟದೊಳಗೆ ಸಿಕ್ಕಾಕೊಂಡಿರ್ತಾರೆ. ಶರ್ಟು ನಾಲ್ಕು ದೇಶ ದಾಟಿ ಬರುತ್ತೆ, ಹೊಲಿದವಳಿಗೆ ವೀಸಾ ಇಲ್ಲ.

ನಾಳೆ ಪ್ರೆಸೆಂಟೇಶನ್ ಇದೇ ಟಾಪಿಕ್ ಮೇಲೆ, ಸ್ಲೈಡ್ ಇನ್ನೂ ಮೂರೇ ಆಗಿದೆ, ನಾನಿಲ್ಲಿ ಸ್ಟೇಟಸ್ ಬರೀತಾ ಕೂತಿದೀನಿ.