ಟಿಟೋ ಹಡಗು ಗಾಲೆಬ್: ಒಡಲು ಮುಗಿಯಿತು, ಈಗ ಮೇಲಿನ ಕೋಣೆಗಳು

ನಾನು ಕಟ್ಟುತ್ತಿರುವ ಗಾಲೆಬ್ ಹಡಗಿನ ಮಾದರಿಯ ಒಡಲು ಕೊನೆಗೂ ಆಕಾರಕ್ಕೆ ಬಂತು. ಅಳತೆ 1:200. ಅಸಲಿ ಹಡಗು 117 ಮೀಟರ್ ಉದ್ದ, ಹಾಗಾಗಿ ನನ್ನದು 58 ಸೆಂಟಿಮೀಟರ್‌ಗಿಂತ ಒಂಚೂರು ಜಾಸ್ತಿ. ಒಳಗೆ ಪ್ಲೈವುಡ್ ಪಕ್ಕೆಲುಬು, ಅದರ ಮೇಲೆ ಬಾಲ್ಸಾ ಪಟ್ಟಿ, ಆಮೇಲೆ ಪುಟ್ಟಿ ಹಚ್ಚೋದು, ಉಜ್ಜೋದು, ಮತ್ತೆ ಪುಟ್ಟಿ ಹಚ್ಚೋದು. ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಮೂತಿ. ಅಸಲಿ ಹಡಗಿಗೂ ಅಲ್ಲೇ ಪೆಟ್ಟು ಬಿದ್ದಿತ್ತು. 1941ರಲ್ಲಿ ಲಿಬಿಯಾದ ಬೆಂಗಾಜಿ ಬಂದರಿನಲ್ಲಿ ಬ್ರಿಟಿಷ್ ಜಲಾಂತರ್ಗಾಮಿಯೊಂದರ ಟಾರ್ಪೆಡೊ ಹೊಡೆದು ಮೂತಿಯೇ ಹೋಗಿ, ಆಮೇಲೆ ಹೊಸದು ಕಟ್ಟಿ ಕೂರಿಸಿದರು.

ಟೈಟಾನಿಕ್ ಮಾಡಬಹುದಿತ್ತಲ್ಲ, ವಿಕ್ರಾಂತ್ ಮಾಡಬಹುದಿತ್ತಲ್ಲ ಅಂತ ಕೇಳುವವರು ಇದ್ದಾರೆ. ಅವುಗಳ ಕಿಟ್ ಅಂಗಡಿಯಲ್ಲೇ ಸಿಗುತ್ತೆ. ನನಗೆ ಬೇಕಿದ್ದದ್ದು ಒಬ್ಬ ಮನುಷ್ಯನ ಆಳ್ವಿಕೆಯನ್ನು ಹೊತ್ತುಕೊಂಡು ತಿರುಗಿದ ಹಡಗು. ಯುಗೋಸ್ಲಾವಿಯಾದ ಯೋಸಿಪ್ ಬ್ರೋಜ್ ಟಿಟೋ ಬಗ್ಗೆ ಓದ್ತಾ ಓದ್ತಾ ಇದು ಕಣ್ಣಿಗೆ ಬಿತ್ತು.

ಇದು ಹುಟ್ಟಿದ್ದು ಬಾಳೆಹಣ್ಣು ಸಾಗಿಸೋಕೆ! ಇಟಲಿಯವರು 1938ರಲ್ಲಿ ಜಿನೋವಾದಲ್ಲಿ ಕಟ್ಟಿದಾಗ ಇದರ ಹೆಸರು ರಾಂಬ್ 3. ಇದರ ಅಕ್ಕ ರಾಂಬ್ 1 ನಮ್ಮ ಪಕ್ಕದ ಮಾಲ್ಡೀವ್ಸ್ ಹತ್ತಿರವೇ 1941ರಲ್ಲಿ ಮುಳುಗಿತು. ಇಟಲಿ ಸೋತ ಮೇಲೆ ಜರ್ಮನ್ನರು ಇದನ್ನು ಕಿತ್ತುಕೊಂಡು ಸಮುದ್ರದಲ್ಲಿ ಸ್ಫೋಟಕ ಇಡುವ ಹಡಗು ಮಾಡಿಕೊಂಡರು. 1944ರ ನವೆಂಬರ್‌ನಲ್ಲಿ ಈಗಿನ ಕ್ರೊಯೇಷಿಯಾದ ರಿಯೆಕಾ ಬಂದರಿನಲ್ಲಿ ಬಾಂಬ್ ಬಿದ್ದು ತಳ ಸೇರಿತು.

ಅದೇ ವರ್ಷ ಟಿಟೋ ಪ್ರಾಣವೂ ಕೂದಲೆಳೆಯಲ್ಲಿ ಉಳಿದಿತ್ತು. 1892ರಲ್ಲಿ ಕ್ರೊಯೇಷಿಯಾದ ಕುಮ್ರೊವೆಟ್ಸ್ ಅನ್ನುವ ಹಳ್ಳಿಯಲ್ಲಿ ಹುಟ್ಟಿ, ಬೀಗದ ಕೆಲಸ ಕಲಿತು, ಮೊದಲ ಮಹಾಯುದ್ಧದಲ್ಲಿ ರಷ್ಯನ್ನರಿಗೆ ಸೆರೆ ಸಿಕ್ಕು, ಊರಿಗೆ ವಾಪಸ್ ಬಂದು ಕಮ್ಯುನಿಸ್ಟ್ ಆಗಿ, 1928ರಿಂದ 1934ರ ತನಕ ಜೈಲಲ್ಲಿದ್ದ ಮನುಷ್ಯ. 1941ರಿಂದ ಗೆರಿಲ್ಲಾ ಪಡೆ ಕಟ್ಟಿ ಜರ್ಮನ್ನರ ಜೊತೆ ಕಾದಾಡುತ್ತಿದ್ದ. 1944ರ ಮೇ 25ರಂದು ಬೋಸ್ನಿಯಾದ ದ್ರ್ವಾರ್ ಗುಹೆಯ ಮೇಲೆ ಜರ್ಮನ್ನರು ಪ್ಯಾರಾಚೂಟ್ ಪಡೆ ಇಳಿಸಿದರು. ಅವನು ಪಾರಾದ, ಅವನ ಮಾರ್ಷಲ್ ಸಮವಸ್ತ್ರ ಮಾತ್ರ ಅವರ ಕೈಗೆ ಸಿಕ್ಕಿತು. ಆಮೇಲೆ ವಿಸ್ ದ್ವೀಪ ಸೇರಿದ್ದು ಬ್ರಿಟಿಷ್ ಯುದ್ಧನೌಕೆಯಲ್ಲಿ, ಆಗ ಅವನದೇ ಅನ್ನುವ ಹಡಗು ಇರಲಿಲ್ಲ.

ಮುಳುಗಿದ ಹಡಗನ್ನು ಮೇಲೆತ್ತಿದ್ದು 1948ರಲ್ಲಿ. ಸ್ಟಾಲಿನ್ ಯುಗೋಸ್ಲಾವಿಯಾವನ್ನು ಕಮ್ಯುನಿಸ್ಟ್ ಒಕ್ಕೂಟ ಕೊಮಿನ್‌ಫಾರ್ಮ್‌ನಿಂದ ಆಚೆ ಹಾಕಿದ್ದೂ ಅದೇ ವರ್ಷದ ಜೂನ್‌ನಲ್ಲಿ. ಪುಲಾದಲ್ಲಿ ರಿಪೇರಿ ಮುಗಿದು 1952ರಲ್ಲಿ ಗಾಲೆಬ್ ಅನ್ನುವ ಹೆಸರಲ್ಲಿ ಹೊರಬಂತು, ಹೇಳೋಕೆ ನೌಕಾಪಡೆಯ ತರಬೇತಿ ಹಡಗು, ಅಸಲಿಗೆ ಟಿಟೋನ ಸವಾರಿ ಹಡಗು. ನಾನು ಈಗ ಮಾಡುತ್ತಿರುವ ಮೇಲಿನ ಕೋಣೆಗಳು ಈ ರೂಪದ್ದು. ಬಾಳೆಹಣ್ಣಿನ ಹಡಗಿನ ಮೇಲೆ ಅರಮನೆಯ ಒಂದು ತುಂಡು ಕೂರಿಸಿದ ಹಾಗಿದೆ. ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಗೋಡೆ ಕತ್ತರಿಸಿ, ಕಿಟಕಿಗಳನ್ನು ಸಣ್ಣ ಡ್ರಿಲ್‌ನಲ್ಲಿ ಕೊರೆಯುತ್ತಿದ್ದೇನೆ. ಹಳೆಯ ಫೋಟೋಗಳಲ್ಲಿ ಎಡಮಗ್ಗುಲು ಚೆನ್ನಾಗಿ ಸಿಗುತ್ತೆ, ಬಲಮಗ್ಗುಲಿಗೆ ಸಿಕ್ಕಾಪಟ್ಟೆ ಹುಡುಕಬೇಕು.

ಸ್ಟಾಲಿನ್ ಸತ್ತ ಹನ್ನೊಂದನೇ ದಿನ, 1953ರ ಮಾರ್ಚ್ 16ಕ್ಕೆ, ಟಿಟೋ ಲಂಡನ್‌ನಲ್ಲಿ ಇಳಿದ, ಚರ್ಚಿಲ್ ಸ್ವಾಗತಕ್ಕೆ ನಿಂತಿದ್ದರು. ಅಲ್ಲಿಗೆ ಕರೆದೊಯ್ದದ್ದು ಇದೇ ಗಾಲೆಬ್. 1954ರ ಡಿಸೆಂಬರ್‌ನಲ್ಲಿ ಮುಂಬೈಗೆ ಬಂದದ್ದೂ ಇದೇ. ಭಾರತ, ಬರ್ಮಾ ಮುಗಿಸಿ ವಾಪಸ್ ಹೋಗುವಾಗ ಸೂಯೆಜ್‌ನಲ್ಲಿ ಇದೇ ಹಡಗಲ್ಲಿ ಈಜಿಪ್ಟಿನ ನಾಸೆರ್ ಭೇಟಿ. 1961ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾ, ಗಿನಿ, ಮಾಲಿ ಕಡೆಗೆ ದೊಡ್ಡ ಪ್ರವಾಸ, ಆಮೇಲೆ ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ 25 ದೇಶಗಳ ಮೊದಲ ಅಲಿಪ್ತ ಶೃಂಗಸಭೆ. ನೆಹರೂ, ನಾಸೆರ್, ಟಿಟೋ ಅಂತ ನಾವು ಶಾಲೆಯಲ್ಲಿ ಉರು ಹೊಡೆದೆವಲ್ಲ, ಅದರ ಅರ್ಧ ಕೆಲಸ ಈ ಡೆಕ್ ಮೇಲೆ ನಡೆದಿದೆ ಅನ್ನೋದು ನನ್ನ ಲೆಕ್ಕ. ಮಾಸ್ಕೋ ಬಾಗಿಲು ಹಾಕಿದ ಮೇಲೆ, ವಾಷಿಂಗ್ಟನ್ ಮಡಿಲಿಗೂ ಬೀಳಬಾರದು ಅಂದ್ರೆ ಹೊಸ ಗೆಳೆಯರನ್ನು ಅವರ ಬಂದರಿಗೇ ಹೋಗಿ ಹುಡುಕಬೇಕಿತ್ತು.

ಇಷ್ಟನ್ನೇ ತೋರಿಸಿದರೆ ಮಾದರಿ ಚೆಂದ ಕಾಣುತ್ತೆ, ಆದರೆ ಸುಳ್ಳು ಹೇಳುತ್ತೆ. ಸ್ಟಾಲಿನ್ ಕಡೆಯವರು ಅನ್ನುವ ಗುಮಾನಿಯ ಮೇಲೆ 1949ರಿಂದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಗೋಲಿ ಓಟೊಕ್ ಎಂಬ ಬೋಳು ಬಂಡೆ ದ್ವೀಪಕ್ಕೆ ತಳ್ಳಿ ಕಲ್ಲು ಹೊರಿಸಿದರು. ಅದೂ ಇದೇ ಏಡ್ರಿಯಾಟಿಕ್ ಸಮುದ್ರದಲ್ಲೇ, ರಿಯೆಕಾದಿಂದ ಬಹಳ ದೂರವೇನಲ್ಲ. ಅದೇ ಕರಾವಳಿಯ ಬ್ರಿಯೂನಿ ದ್ವೀಪದಲ್ಲಿ ಟಿಟೋನ ಬಂಗಲೆ, ಇಂದಿರಾ ಗಾಂಧಿ ಉಡುಗೊರೆ ಕೊಟ್ಟ ಸೋನಿ, ಲಂಕಾ ಅನ್ನುವ ಆನೆಗಳು. ಸ್ಟಾಲಿನ್‌ಗೆ ಎದುರು ನಿಂತವನು ಅಂತ ಹೊಗಳುವವರು ಆ ಬಂಡೆಯ ಸುದ್ದಿ ಬಂದಾಗ ಮಾತು ಬದಲಿಸುತ್ತಾರೆ. ಟಿಟೋನ ಒಳ್ಳೆಯ ಗೆಳೆಯನಾಗಿದ್ದ ಮಿಲೋವಾನ್ ಜಿಲಾಸ್ ಪಕ್ಷವನ್ನೇ ಟೀಕಿಸಿದ್ದಕ್ಕೆ 1954ರಲ್ಲಿ ಹೊರಬಿದ್ದು, ಆಮೇಲೆ ಜೈಲಿಗೂ ಹೋದ.

ಅದಕ್ಕೆ ಪೀಠದ ಪ್ಲಾನ್ ಬದಲಿಸಿದ್ದೇನೆ. ನೀಲಿ ರಾಳದ ಸಮುದ್ರ ಬೇಡ. ತೇಗದ ಹಲಗೆ ಮೇಲೆ ಉತ್ತರ ಏಡ್ರಿಯಾಟಿಕ್ ನಕ್ಷೆ ಕೆತ್ತಿ, ರಿಯೆಕಾ, ಪುಲಾ, ಬ್ರಿಯೂನಿ, ಗೋಲಿ ಓಟೊಕ್ ನಾಲ್ಕಕ್ಕೂ ಒಂದೇ ಗಾತ್ರದ ಅಕ್ಷರ ಹಾಕುತ್ತೇನೆ. ಹಡಗು ಅದರ ಮೇಲೆ ಎರಡು ಹಿತ್ತಾಳೆ ಕಂಬಗಳಲ್ಲಿ ನಿಲ್ಲುತ್ತೆ.

1974ರ ಸಂವಿಧಾನ ಟಿಟೋನನ್ನು ಸಾಯುವ ತನಕ ಅಧ್ಯಕ್ಷ ಅಂತ ಒಪ್ಪಿತ್ತು. 1980ರ ಮೇ 4ಕ್ಕೆ ತೀರಿಕೊಂಡ. 1991ರಲ್ಲಿ ದೇಶ ಒಡೆಯತೊಡಗಿತು, ಹಡಗು ತುಕ್ಕು ಹಿಡಿಯುತ್ತಾ ಬಿದ್ದಿತ್ತು, 2009ರಲ್ಲಿ ರಿಯೆಕಾ ನಗರ ಅದನ್ನು ಕೊಂಡಿತು. ತುಕ್ಕಿನ ರೂಪವನ್ನೇ ಮಾಡು ಅಂತ ಒಬ್ಬ ಗೆಳೆಯ ಹೇಳಿದ, ಬಣ್ಣದ ಆಟಕ್ಕೆ ಅದು ಮಜಾನೇ. ಆದರೆ ನನಗೆ 1954ರ ಬಿಳಿ ಗಾಲೆಬ್ಬೇ ಬೇಕು.

ಮುಂದಿನ ಕೆಲಸ ರೇಲಿಂಗ್. ಈ ಅಳತೆಯಲ್ಲಿ ಸುಮಾರು 5 ಮಿಲಿಮೀಟರ್ ಎತ್ತರ ಬರುತ್ತೆ. ತಾಮ್ರದ ತಂತಿ ಬೆಸುಗೆ ಹಾಕೋದಾ, ಇಲ್ಲಾ ಮೀನಿನ ಗಾಳದ ನೈಲಾನ್ ದಾರ ಎಳೆದು ಬಣ್ಣ ಹೊಡೆಯೋದಾ? ಮಾಡಿ ನೋಡಿದವರು ಹೇಳಿ.