ಕಿರೀಟದ ಹಿಂಬದಿ ನೋಡಲು ಕಾಸರಗೋಡಿಗೆ

ಮಂಗಳೂರಿನಿಂದ ಹೊರಟ ರೈಲು ಮಂಜೇಶ್ವರ, ಉಪ್ಪಳ ದಾಟಿ ಕುಂಬಳೆಗೆ ಬರುವಷ್ಟರಲ್ಲಿ ಅಕ್ಕನ ಮಗಳು ಮೊಬೈಲಿನಲ್ಲಿ ಒಂದು ರಾಶಿ ಚಿತ್ರಗಳನ್ನು ತೋರಿಸಿಯಾಗಿತ್ತು. ಅವಳು ವಸ್ತ್ರವಿನ್ಯಾಸದ ವಿದ್ಯಾರ್ಥಿನಿ. ವೈಜ್ಞಾನಿಕ ಕಥಾಚಿತ್ರಗಳ ಉಡುಪಿನ ಬಗ್ಗೆ ಪ್ರಬಂಧ ಬರೆಯಬೇಕಿತ್ತು. "ಇವರೆಲ್ಲ ಬೇರೆ ಗ್ರಹದವರಂತೆ ಚಿಕ್ಕಮ್ಮ, ಆದರೆ ಉಟ್ಟದ್ದೆಲ್ಲ ಏಷ್ಯಾದ್ದೇ" ಎಂದಳು.

ಅವಳ ಮಾತಿನಲ್ಲಿ ಹುರುಳಿತ್ತು. 1977ರ 'ಸ್ಟಾರ್ ವಾರ್ಸ್' ಚಿತ್ರದ ಉಡುಪಿಗಾಗಿ ಆಸ್ಕರ್ ಪಡೆದವರು ಜಾನ್ ಮಾಲ್ಲೊ. ಅದರಲ್ಲಿ ಜೆಡೈ ಯೋಧರ ಅಂಗಿಗೆ ಗುಂಡಿಯಿಲ್ಲ. ಜಪಾನಿನ ಕಿಮೊನೊ ನಿಲುವಂಗಿಯಂತೆ ಎದೆಯ ಮೇಲೆ ಒಂದು ಸೆರಗು ಇನ್ನೊಂದರ ಮೇಲೆ ಬಂದು, ಸೊಂಟಪಟ್ಟಿಯಲ್ಲಿ ನಿಲ್ಲುತ್ತದೆ. ಖಳನಾಯಕ ಡಾರ್ತ್ ವೇಡರನ ಶಿರಸ್ತ್ರಾಣ ಕುತ್ತಿಗೆಯ ಹಿಂದೆ ಅಗಲವಾಗಿ ಇಳಿಯುವುದು ಜಪಾನಿನ ಸಮುರಾಯಿಗಳ 'ಕಬುಟೊ' ಶಿರಸ್ತ್ರಾಣವನ್ನು ನೆನಪಿಸುತ್ತದೆ. ಅದೇ ಸರಣಿಯ 1999ರ 'ದಿ ಫ್ಯಾಂಟಮ್ ಮೆನೇಸ್' ಚಿತ್ರದಲ್ಲಿ ರಾಣಿ ಅಮಿಡಾಲಾಳ ಉಡುಪುಗಳನ್ನು ರೂಪಿಸಿದವರು ಟ್ರಿಶಾ ಬಿಗರ್. ಆ ರಾಣಿ ಸೆನೆಟ್ಟಿಗೆ ಬರುವಾಗಿನ, ಕೊಂಬಿನಂತೆ ಎರಡೂ ಬದಿಗೆ ಚಾಚಿದ ಕೇಶಾಲಂಕಾರ ಮಂಗೋಲಿಯದ ಖಲ್ಖಾ ವಿವಾಹಿತೆಯರದು. ಸಿಂಹಾಸನದ ಮೇಲಿನ ಕೆಂಪು ನಿಲುವಂಗಿಯ ಅಂಚಿನಲ್ಲಿ ದುಂಡನೆಯ ದೀಪಗಳು ಉರಿಯುತ್ತವೆ.

ಇಷ್ಟು ದೂರದಿಂದ ಆರಿಸಿ ತರಲು ಕಾರಣವೇನು? ನನಗೆ ತೋಚುವುದು ಇದು: ದೇಹಕ್ಕೆ ತಕ್ಕಂತೆ ಕತ್ತರಿಸಿ ಹೊಲಿದ ಬಟ್ಟೆ ತನ್ನ ಕಾಲವನ್ನು ಬಿಟ್ಟುಕೊಡುತ್ತದೆ. ಕಾಲರಿನ ಅಗಲ ನೋಡಿಯೇ ಅದು ಯಾವ ದಶಕದ್ದೆಂದು ಹೇಳಬಹುದು. ಸುತ್ತಿ, ಮಡಚಿ, ಕಟ್ಟಿ ಉಡುವ ಬಟ್ಟೆಗೆ ಆ ತೊಂದರೆಯಿಲ್ಲ. ಸಾವಿರ ವರ್ಷ ಹಿಂದಕ್ಕೂ ಮುಂದಕ್ಕೂ ಅದು ಸಲ್ಲುತ್ತದೆ.

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ತವರು. ಅಲ್ಲಿಂದ ಒಳಗಿನ ಊರೊಂದರಲ್ಲಿ ಆ ರಾತ್ರಿ ಬಯಲಾಟ. ಪರಿಚಯದವರೊಬ್ಬರು ಭಾಗವತರಲ್ಲಿ ಹೇಳಿಸಿ ನಮ್ಮನ್ನು ವೇಷ ಕಟ್ಟುವ ಚೌಕಿಗೆ ಬಿಡಿಸಿದರು. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ ಕುಳಿತವರು ಸಂಜೆಯಿಂದಲೇ ಕನ್ನಡಿಯ ಮುಂದಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಿದ್ದರು. ಒಂದು ಒಣಗದೆ ಇನ್ನೊಂದು ಇಡುವಂತಿಲ್ಲ. ಮಾತನಾಡಿದರೆ ಬಿರುಕು ಬಿಡುತ್ತದೆ, ಆದ್ದರಿಂದ ನಮ್ಮ ಪ್ರಶ್ನೆಗಳಿಗೆಲ್ಲ ಪಕ್ಕದಲ್ಲಿದ್ದ ಹಿರಿಯರೇ ಉತ್ತರ ಕೊಟ್ಟರು.

ಮುಖ ಮುಗಿದ ಮೇಲೆ ಕಟ್ಟುವ ಕೆಲಸ. ಸೊಂಟಕ್ಕೆ ಬಟ್ಟೆಯ ಮೇಲೆ ಬಟ್ಟೆ ಸುತ್ತಿ ಗಾತ್ರ ಬರಿಸುತ್ತಾರೆ. ದಗಲೆ, ಎದೆಕಟ್ಟು, ಭುಜಕೀರ್ತಿ, ಕಡೆಗೆ ಕಿರೀಟ. ಒಂದೊಂದಕ್ಕೂ ಲಾಡಿ, ಹಗ್ಗ. ಇಬ್ಬರು ಹಿಂದೆ ನಿಂತು ಎಳೆದು ಬಿಗಿಯುತ್ತಿದ್ದರು. "ಎದುರಿನಿಂದ ನೋಡಿದರೆ ಚಿನ್ನ ಕಾಣುತ್ತದೆ ಮಗಳೇ, ಬೆಳಗಿನವರೆಗೆ ವೇಷ ನಿಲ್ಲುವುದು ಹಿಂದಿನ ಗಂಟಿನಲ್ಲಿ" ಎಂದರು ಹಿರಿಯರು. ಅವಳು ಅದುವರೆಗೆ ಬಿಡಿಸಿದ್ದ ಚಿತ್ರಗಳೆಲ್ಲ ಮುಂಬದಿಯವು. ಅಲ್ಲಿಂದೆದ್ದು ವೇಷದ ಬೆನ್ನ ಹಿಂದೆ ಹೋಗಿ ಕುಳಿತಳು.

ಕಬುಟೊದ ವಿಷಯದಲ್ಲೂ ಹೀಗೆಯೇ. ಅದರ ಕುತ್ತಿಗೆರಕ್ಷೆಯನ್ನು ಪಟ್ಟಿಗಳನ್ನು ದಾರದಿಂದ ಪೋಣಿಸಿ ಮಾಡುತ್ತಾರೆ. ಅದರಿಂದಲೇ ಯೋಧನಿಗೆ ತಲೆ ತಿರುಗಿಸಲು ಸಾಧ್ಯ. ಸಿನಿಮಾ ಆ ಆಕಾರವನ್ನು ಒಂದೇ ಗಟ್ಟಿ ಚಿಪ್ಪಾಗಿ ಎರಕ ಹೊಯ್ದಿತು. ಕಣ್ಣಿಗೆ ಭಯ ಹುಟ್ಟಿಸುವುದು ನಿಜ, ಪೋಣಿಸುವ ಜಾಣ್ಮೆ ಮಾತ್ರ ಅದರೊಳಗೆ ಇಲ್ಲ. ಎರವಲು ತರುವುದನ್ನು ನಾನು ತಪ್ಪೆನ್ನುವುದಿಲ್ಲ. ಮುಂಬದಿಯನ್ನಷ್ಟೇ ತಂದರೆ ಅರ್ಧ ತಂದಂತೆ.

ಮರುದಿನ ವಿದ್ಯಾನಗರದ ನೇಕಾರರ ಸಹಕಾರಿ ಸಂಘಕ್ಕೆ ಹೋದೆವು. 1938ರಲ್ಲಿ ಆರಂಭವಾದ ಸಂಘ ಇದು. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಾಸರಗೋಡು ಸೀರೆ ಕೇರಳದ ಜರಿಯಂಚಿನ ಬಿಳಿ 'ಕಸವು' ಸೀರೆಯಂತಲ್ಲ. ನೂಲಿಗೇ ಬಣ್ಣ ಹಾಕಿ, ಗೀಟು, ಚೌಕಳಿ ಬರುವಂತೆ ನೇಯುತ್ತಾರೆ. ಗುಂಡಿ ಮಗ್ಗದಲ್ಲಿ ಕುಳಿತಿದ್ದ ಅಮ್ಮ ಒಬ್ಬರು ತುಳು ಬೆರೆತ ಕನ್ನಡದಲ್ಲಿ, ಕತ್ತರಿ ತಾಗದ ಬಟ್ಟೆಗೆ ಅಂಚೇ ಬಲ ಎಂದರು. ಕಿಮೊನೊದ ಬಟ್ಟೆಯನ್ನೂ ಸುಮಾರು 36 ಸೆಂಟಿಮೀಟರ್ ಅಗಲಕ್ಕೆ ನೇಯ್ದು, ನೇರ ತುಂಡುಗಳನ್ನೇ ಜೋಡಿಸುತ್ತಾರೆ, ಏನನ್ನೂ ಎಸೆಯುವುದಿಲ್ಲ. ಇದನ್ನು ಹೇಳಿದಾಗ ಆ ಅಮ್ಮನಿಗೆ ಬಹಳ ಸಂತೋಷವಾಯಿತು.

ಚಂದ್ರಗಿರಿ ಹೊಳೆ ದಾಟಿದರೆ ಭಾಷೆ ಬದಲಾಗುತ್ತದೆ, ವೇಷವೂ. ನೀಲೇಶ್ವರದ ಕಡೆಯ ಒಂದು ಕಾವಿನಲ್ಲಿ, ಅಂದರೆ ದೇವರ ಬನದಲ್ಲಿ, ಪುದಿಯ ಭಗವತಿಯ ತೆಯ್ಯಂ ಎಂಬ ದೈವದ ಕೋಲ ಇತ್ತು. ಸೊಂಟದ ಸುತ್ತ ಉರಿಯುವ ದೊಂದಿಗಳು, ತಲೆಯ ಮೇಲೆ ಬೆಂಕಿಯ ಬೆಳಕಿಗೆ ಕೆಂಪಗೆ ಹೊಳೆಯುವ 'ಮುಡಿ' ಎಂಬ ಕಿರೀಟ. ಅಮಿಡಾಲಾಳ ಅಂಚಿನ ದೀಪಗಳು ನನಗೆ ತಟ್ಟನೆ ನೆನಪಾದವು. ಅಲ್ಲಿ ದೀಪ ರಾಣಿಯ ವೈಭವಕ್ಕೆ, ಕುಳಿತಲ್ಲೇ ನೋಡುವುದಕ್ಕೆ. ಇಲ್ಲಿ ಬೆಂಕಿ ಹೊತ್ತವರು ತಿರುಗುತ್ತಾರೆ, ಬಾಗುತ್ತಾರೆ, ಓಡುತ್ತಾರೆ. ಚರ್ಮಕ್ಕೂ ಜ್ವಾಲೆಗೂ ನಡುವೆ ಇರುವುದು ತೆಂಗಿನ ಹಸಿ ಎಳೆಗರಿ. ಬೆಳಗಿನ ಜಾವಕ್ಕೆ ಕೊಯ್ದು ಸೀಳಿ ನೆಯ್ದ ಗರಿ ಸಂಜೆಗೆ ಒಣಗುತ್ತದೆ, ಮುಂದಿನ ಕೋಲಕ್ಕೆ ಮತ್ತೆ ಹೊಸದೇ ಆಗಬೇಕು. ಈ ಉಡುಪನ್ನು ಪೆಟ್ಟಿಗೆಯಲ್ಲಿಟ್ಟು ವಸ್ತುಸಂಗ್ರಹಾಲಯಕ್ಕೆ ಕೊಡಲಾಗದು. ಕಟ್ಟಬಲ್ಲ ಕೈ ಇರುವವರೆಗೆ ಮಾತ್ರ ಅದು ಇರುತ್ತದೆ. ಆ ಕೈಗಳು ಕೋಲ ಕಟ್ಟುವ ವಣ್ಣಾನ್, ಮಲಯನ್, ವೇಲನ್ ಸಮುದಾಯದ ಮನೆಗಳಲ್ಲಿ ಪಳಗಿದವು.

ವೇಷ ಕಟ್ಟುವ ಅಣಿಯರೆಯ ಒಳಗೆ ಹೋಗಲು ನಾವು ಕೇಳಲಿಲ್ಲ, ಅದು ಅವರ ವ್ರತದ ಜಾಗ. ಕೋಲ ಮುಗಿದ ಮೇಲೆ ಹೊರಗೆ ಮುಡಿ ಬಿಚ್ಚುತ್ತಿದ್ದ ಹಿರಿಯರೊಬ್ಬರು ಮಾತ್ರ ಅವಳನ್ನು ಹತ್ತಿರ ಕರೆದು, ಬಿದಿರಿನ ಸೀಳುಗಳನ್ನು ಬೆನ್ನಿಗೆ ಸೇರಿಸುವ ಹಗ್ಗದ ದಾರಿಯನ್ನು ಬೆರಳಿನಲ್ಲಿ ತೋರಿಸಿದರು. ಭಾಷೆ ಅರ್ಧಂಬರ್ಧ. ಅವಳು ತನ್ನ ದುಪ್ಪಟ್ಟಾವನ್ನೇ ಹಗ್ಗ ಮಾಡಿ ಗಂಟು ಹಾಕಿ ತೋರಿಸಿದಳು. ಅವರು ತಲೆಯಾಡಿಸಿ ಬಿಚ್ಚಿ, ಮತ್ತೆ ಕಟ್ಟಿಸಿದರು. ಮುಂದಿನ ತುಲಾ ಮಾಸದಲ್ಲಿ ತೆಯ್ಯಂ ಉತ್ಸವವಾದ ಕಳಿಯಾಟ ಶುರುವಾಗುವಾಗ ಬರಲು ಹೇಳಿದ್ದಾರೆ. ಬರುವುದೆಂದು ಅವಳು ಆಗಲೇ ಒಪ್ಪಿಕೊಂಡಳು.